ಗುತ್ತಲಿನಿಂದ ಕಲ್ಲಿಕೋಟೆಗೆ

ಮಂಡ್ಯದ ಪೇಟೆಯ ಗದ್ದಲವನ್ನು ಹಿಂದೆ ಬಿಟ್ಟು ಗುತ್ತಲಿನ ಕಡೆಗೆ ಹೊರಳಿದರೆ, ಪಟ್ಟಣವು ಎಲ್ಲಿ ಮುಗಿದು ಹಳ್ಳಿಯು ಎಲ್ಲಿ ಮೊದಲಾಯಿತೆಂಬುದು ಈಚೆಗೆ ತಿಳಿಯುವಂತಿಲ್ಲ. ನಾನು ಹುಡುಗನಾಗಿದ್ದಾಗ ಹಾಗಿರಲಿಲ್ಲ. ಕಬ್ಬಿನ ಗದ್ದೆಗಳ ನಡುವೆ ಗಾಡಿಯ ಜಾಡು, ಜಾಡಿನ ಕೊನೆಯಲ್ಲಿ ಅರ್ಕೇಶ್ವರಸ್ವಾಮಿಯ ಗುಡಿ, ಗುಡಿಯ ಸುತ್ತ ನಮ್ಮ ಮನೆಗಳು. ಸುಗ್ಗಿಯ ದಿನಗಳಲ್ಲಿ ಗಾಡಿಗಳು ಸಾಲುಗಟ್ಟಿ ಸಕ್ಕರೆಯ ಕಾರ್ಖಾನೆಯ ಕಡೆಗೆ ಹೊರಟವೆಂದರೆ, ಹಿಂದಿನಿಂದ ಓಡಿಹೋಗಿ ಒಂದು ಜಲ್ಲೆಯನ್ನು ಎಳೆದುಕೊಳ್ಳದ ಹುಡುಗನು ಹುಡುಗನೇ ಅಲ್ಲ. ಈಗ ಜಾಡು ಡಾಂಬರು ಕಂಡಿದೆ. ಗದ್ದೆಗಳಲ್ಲಿ ಅರ್ಧಕ್ಕೆ ಅರ್ಧ ನಿವೇಶನಗಳಾಗಿವೆ. ಉಳಿದ ಅರ್ಧಕ್ಕೆ ಕನ್ನಂಬಾಡಿಯ ನೀರು ಕಾಲುವೆಯಲ್ಲಿ ಹರಿದುಬರುವುದಂತೂ ನಿಂತಿಲ್ಲ.

ಭತ್ತದ ಕೊಯ್ಲು ಮುಗಿದು ಮುಂದಿನ ಬೆಳೆಗೆ ನೀರು ಬಿಡುವ ನಡುವಣ ಕೆಲವು ವಾರಗಳಲ್ಲಿ ನಮ್ಮ ಮನೆಯ ಹಿಂದಣ ಗದ್ದೆಯು ಬಯಲಾಗುತ್ತದೆ. ಅಲ್ಲಿ ಬೇರೆ ಹುಡುಗರು ಕಬಡ್ಡಿಯನ್ನೋ ಕ್ರಿಕೆಟ್ಟನ್ನೋ ಆಡುವರು. ನನ್ನ ತಮ್ಮನ ಮಗಳು, ಹದಿನಾಲ್ಕು ವರ್ಷದವಳು, ಐದಾರು ಹುಡುಗರನ್ನು ಒಟ್ಟುಗೂಡಿಸಿಕೊಂಡು ಕಾಲ್ಚೆಂಡನ್ನು ಆಡುವಳು. ಕೂಳೆಯ ಮೇಲೆ ಚೆಂಡು ನೇರವಾಗಿ ಉರುಳದು. ಎತ್ತ ಪುಟಿಯುವುದೆಂದು ಬ್ರಹ್ಮನಿಗೂ ತಿಳಿಯದು. ಆ ಗದ್ದೆಯಲ್ಲಿ ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಓಡಬಲ್ಲವಳು ಬೇರೆಲ್ಲಿಯಾದರೂ ಓಡಿಯಾಳೆಂದು ಅವಳ ಶಾಲೆಯ ವ್ಯಾಯಾಮದ ಮೇಷ್ಟರು ಹೇಳಿದ್ದರಂತೆ. ಕಳೆದ ಡಿಸೆಂಬರಿನಲ್ಲಿ, ಅಂದರೆ 2025ರ ಕೊನೆಯಲ್ಲಿ, ಅವರ ಮಾತಿಗೆ ಸಾಕ್ಷಿಯಾಗಿ ಬೆಂಗಳೂರಿನಿಂದ ಒಂದು ಕಾಗದವೂ ಬಂದಿತು. ಹುಡುಗಿಯನ್ನು ಅಲ್ಲಿನ ಒಂದು ಕ್ರೀಡಾ ವಿದ್ಯಾರ್ಥಿನಿಲಯಕ್ಕೆ ಆರಿಸಿದೆ. ಒಪ್ಪಿಗೆಯಿದ್ದರೆ ತಂದೆಯು ರುಜು ಮಾಡಿ ಹೊಸ ವರ್ಷದ ಮೊದಲ ವಾರದೊಳಗಾಗಿ ಕಳುಹಿಸತಕ್ಕದ್ದು.

ಮನೆಯಲ್ಲಿ ಎರಡು ಪಕ್ಷಗಳಾದುವು. ತಮ್ಮನಿಗೆ ಮನಸ್ಸಿತ್ತು, ಧೈರ್ಯವಿರಲಿಲ್ಲ. ಅವನ ಹೆಂಡತಿಗೆ ಎರಡೂ ಇರಲಿಲ್ಲ. ನಮ್ಮ ಅವ್ವನಂತೂ ಜಗಲಿಯ ಮೇಲೆ ಕುಳಿತು, “ಅಲ್ಲ ಕಣಪ್ಪ, ಹೆಣ್ಮಗ ಬಯಲಲ್ಲಿ ಚೆಂಡು ಒದ್ಕಂಡು ಕುಂತ್ರೆ ನಾಳೆ ಯಾರು ಬಂದು ಕೇಳಾರು? ಕಾಲು ಗೀಲು ಮುರ್ಕಂಡ್ರೆ ನೋಡ್ಕಳೋರು ಯಾರು?” ಎಂದು ಬಂದವರನ್ನೆಲ್ಲ ಕೇಳುತ್ತಿದ್ದಳು. ಕಡೆಗೆ ತಮ್ಮನು, “ಅಣ್ಣ, ನೀನು ಹೇಳಿದ ಹಾಗೆ” ಎಂದು ಭಾರವನ್ನು ನನ್ನ ತಲೆಯ ಮೇಲೆ ಇಳಿಸಿ ತಾನು ಗದ್ದೆಗೆ ಹೋದನು. ಮನೆಗೆ ಹಿರಿಯನಾದವನ ಪಾಡು ವಾಚಕರಿಗೆ ತಿಳಿಯದುದಲ್ಲ. ನಿಜ ಹೇಳಬೇಕಾದರೆ ನಾನೂ ಒಳಗೊಳಗೆ ಅವ್ವನ ಪಕ್ಷದವನೇ ಆಗಿದ್ದೆನು. ಬಾಯಿಬಿಟ್ಟು ಹೇಳಲು ಹಿಂಜರಿಯುತ್ತಿದ್ದೆನು, ಅಷ್ಟೆ.

ಹಿಂಜರಿಕೆಗೆ ಕಾರಣವಿತ್ತು. ಅದನ್ನು ಮುಂದೆ ಹೇಳುವೆನು.

ಕಲ್ಲಿಕೋಟೆಯಲ್ಲಿ ನನ್ನ ತಂಗಿಯಿದ್ದಾಳೆ. ಅವಳ ಯಜಮಾನರು ಬ್ಯಾಂಕಿನ ಕೆಲಸದ ಮೇಲೆ ಅಲ್ಲಿಗೆ ಹೋದವರು ನಿವೃತ್ತರಾದ ಮೇಲೂ ಸಮುದ್ರದ ಗಾಳಿಯನ್ನು ಬಿಟ್ಟುಬರಲಿಲ್ಲ. ಕ್ರಿಸ್ಮಸ್ಸಿನ ರಜೆಗೆ ಬನ್ನಿರೆಂದು ತಂಗಿಯು ಕರೆದಳು. “ದೊಡ್ಡಪ್ಪ, ನಾನೂ ಬರ್ತೀನಿ” ಎಂದು ಹುಡುಗಿಯು ಹೊರಟುನಿಂತಳು. ಅತ್ತೆಯ ಮೇಲಣ ಪ್ರೀತಿಯೆಂದು ನಾನು ತಿಳಿದೆನು. ಕಲ್ಲಿಕೋಟೆಯು ಗೋಕುಲಂ ಕ್ಲಬ್ಬಿನ ಊರೆಂಬುದು ನನಗೆ ಆಗ ಗೊತ್ತಿರಲಿಲ್ಲ.

ಮಂಡ್ಯದಿಂದ ಬೆಳಗಿನ ಬಸ್ಸು ಹಿಡಿದು ಮೈಸೂರು ಸೇರಿ, ಅಲ್ಲಿಂದ ಕಲ್ಲಿಕೋಟೆಯ ಬಸ್ಸನ್ನು ಹತ್ತಿದೆವು. ಮೈಸೂರಿನಿಂದ ಇನ್ನೂರು ಕಿಲೋಮೀಟರಿಗೆ ಕೊಂಚ ಮೇಲ್ಪಟ್ಟ ದಾರಿ. ನಂಜನಗೂಡಿನಲ್ಲಿ ಕಪಿಲೆಯನ್ನು ದಾಟುವಾಗ ಕೈಮುಗಿಯದ ಪ್ರಯಾಣಿಕನಿಲ್ಲ. ಗುಂಡ್ಲುಪೇಟೆಯ ಸೂರ್ಯಕಾಂತಿ ಚೆಂಡುಹೂಗಳ ಕಾಲ ಕಳೆದುಹೋಗಿದ್ದಿತು, ಬರಿಯ ಕೆಮ್ಮಣ್ಣು. ಅದರಾಚೆ ಬಂಡೀಪುರದ ಕಾಡು. ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಈ ದಾರಿಯಲ್ಲಿ ಬಂಡಿಗಳನ್ನು ಬಿಡದಿರುವ ನಿಯಮವು 2009ರಿಂದ ಇದೆ. ಮೃಗಗಳಿಗೂ ನಿದ್ದೆ ಬೇಕಷ್ಟೆ. ಮೂಲೆಹೊಳೆಯ ಬಳಿ ಜಿಂಕೆಗಳ ಹಿಂಡೊಂದು ರಸ್ತೆಯ ಪಕ್ಕದಲ್ಲಿಯೇ ಮೇಯುತ್ತಿದ್ದುದನ್ನು ಕಂಡು ಬಸ್ಸಿಗೆ ಬಸ್ಸೇ ಎಡಗಡೆಗೆ ಬಾಗಿತು. ನಮ್ಮ ಹುಡುಗಿಯು ಮಾತ್ರ ಮೊಬೈಲಿನಿಂದ ಕಣ್ಣೆತ್ತಲಿಲ್ಲ.

ಏನು ನೋಡುತ್ತಿರುವೆಯೆಂದು ಕೇಳಿದೆನು. ಕಠ್ಮಂಡುವಿನ ಆಟವೆಂದಳು. ಕೆಲವೇ ದಿನಗಳ ಹಿಂದೆ, ಡಿಸೆಂಬರ್ 20ರಂದು, ನೇಪಾಳದ ದಶರಥ ಕ್ರೀಡಾಂಗಣದಲ್ಲಿ ದಕ್ಷಿಣ ಏಷ್ಯದ ಹೆಂಗಸರ ಕ್ಲಬ್ಬುಗಳ ಪಂದ್ಯಾವಳಿಯು ಮುಗಿದಿತ್ತು. ಭಾರತ, ನೇಪಾಳ, ಬಾಂಗ್ಲಾದೇಶ, ಪಾಕಿಸ್ತಾನ, ಭೂತಾನ, ಈ ಐದು ದೇಶಗಳಿಂದ ಒಂದೊಂದು ಕ್ಲಬ್ಬು. ಕಡೆಯ ಪಂದ್ಯದಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡವು ನೇಪಾಳದ ಸಶಸ್ತ್ರ ಪೊಲೀಸರ ತಂಡವನ್ನು ಮೂರು ಗೋಲುಗಳಿಂದ ಸೋಲಿಸಿ ಬಟ್ಟಲನ್ನು ತಂದಿತು. ಇಂಥ ಪಂದ್ಯಾವಳಿಯು ನಡೆದುದು ಅದೇ ಮೊದಲು.

ದೇಶದೇಶಗಳ ತಂಡಗಳು ಆಡುವುದು ಬೇರೆ, ಕ್ಲಬ್ಬುಗಳು ಆಡುವುದು ಬೇರೆ ಎಂಬುದನ್ನು ಅವಳು ನನಗೆ ಬಿಡಿಸಿ ಹೇಳಿದಳು. ದೇಶದ ತಂಡವೆಂದರೆ ಎಲ್ಲೆಲ್ಲಿಂದಲೋ ಆರಿಸಿ ತಂದು ಕೆಲವು ವಾರ ಒಟ್ಟಿಗಿರಿಸಿದ ಕೂಟ. ಕ್ಲಬ್ಬೆಂದರೆ ವರ್ಷವೆಲ್ಲ ಒಂದೇ ಮನೆಯ ಅನ್ನ ತಿಂದು ಒಂದೇ ಬಯಲಲ್ಲಿ ಬೆವರು ಸುರಿಸುವ ಸಂಸಾರ. ತನ್ನ ದೇಶದ ಲೀಗಿನಲ್ಲಿ ಗೆದ್ದ ಕ್ಲಬ್ಬಿಗೆ ಏಷ್ಯದ ಪಂದ್ಯಾವಳಿಗೆ ಹೋಗುವ ಹಕ್ಕು ಬರುತ್ತದೆ. ಮೊದಲು ಒಂದೊಂದು ಊರಿನಲ್ಲಿ ಮೂರು ನಾಲ್ಕು ಕ್ಲಬ್ಬುಗಳನ್ನು ಕೂಡಿಸಿ ಜರಡಿ ಹಿಡಿಯುವರು. ಉಳಿದವರಲ್ಲಿ ಹನ್ನೆರಡು ಕ್ಲಬ್ಬುಗಳು ಮೂರು ಗುಂಪುಗಳಾಗಿ ಆಡುವುವು. ಈಸ್ಟ್ ಬೆಂಗಾಲಿನ ಹುಡುಗಿಯರು 2025ರ ಆಗಸ್ಟಿನಲ್ಲಿ ಕಾಂಬೋಡಿಯದ ಫ್ನೋಮ್ ಪೆನ್ನಿನಲ್ಲಿ ಜರಡಿಯನ್ನು ದಾಟಿ, ನವೆಂಬರಿನಲ್ಲಿ ಚೀಣದ ವುಹಾನಿಗೆ ಹೋಗಿ, ಇರಾನಿನ ಬಾಮ್ ಖಾತೂನ್ ತಂಡವನ್ನು ಗೆದ್ದು, ಮತ್ತೆರಡು ಪಂದ್ಯಗಳನ್ನು ಸೋತು ಹಿಂದಿರುಗಿದರು. ಹಿಂದಿನ ವರ್ಷ ಒಡಿಶಾದ ತಂಡವು ಜಪಾನಿನ ಉರಾವಾ ಕ್ಲಬ್ಬಿನಿಂದ ಹದಿನೇಳು ಗೋಲುಗಳನ್ನು ತಿಂದು ಬಂದಿತ್ತು. ಇದನ್ನು ಹೇಳುವಾಗ ಅವಳ ದನಿಯು ತಗ್ಗಿತು, ಆದರೆ ಮುಚ್ಚಿಡಲಿಲ್ಲ.

“ಹದಿನೇಳು ತಿಂದವರೂ ಹೋಗಿದ್ರಲ್ಲ ದೊಡ್ಡಪ್ಪ, ಆಡಿದ್ರಲ್ಲ” ಎಂದಳು. “ಗೋಕುಲಂನವರಿಗೆ ಅದೂ ಆಗಲಿಲ್ಲ.”

ಅಷ್ಟರಲ್ಲಿ ಮುತ್ತಂಗದ ಕಾಡು ಕಳೆದು ಸುಲ್ತಾನ್ ಬತ್ತೇರಿಯು ಬಂದಿತು. ಬಸ್ಸು ನಿಂತುದರಿಂದ ಚಹಾ ಕುಡಿದೆವು. ಮತ್ತೆ ಹೊರಟಾಗ ಅವಳು ಹೇಳಿದ ಕಥೆಯನ್ನು ನಾನು ಮನೆಗೆ ಬಂದಮೇಲೆ ಪತ್ರಿಕೆಗಳಲ್ಲಿ ತೆಗೆದು ನೋಡಿ ನಿಶ್ಚಯಿಸಿಕೊಂಡೆನು. ಅದು ಹೀಗಿದೆ.

ಕಥೆಯ ಮೊದಲು ನಮ್ಮ ಬೆಂಗಳೂರಿನಲ್ಲಿಯೇ ಆಯಿತು. 2020ರ ಫೆಬ್ರವರಿ 14ರಂದು ಬೆಂಗಳೂರಿನ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಗೋಕುಲಂ ಕೇರಳ ಕ್ಲಬ್ಬಿನ ಹೆಂಗಸರು ಮಣಿಪುರದ ಕ್ರಿಪ್ಸಾ ತಂಡವನ್ನು ಎರಡಕ್ಕೆ ಮೂರು ಗೋಲುಗಳಿಂದ ಸೋಲಿಸಿ ಮೊದಲ ಸಲ ಭಾರತದ ಲೀಗನ್ನು ಗೆದ್ದರು. ಪಂದ್ಯವು ಮುಗಿಯುವುದಕ್ಕೆ ಕೆಲವೇ ನಿಮಿಷಗಳಿರುವಾಗ ನೇಪಾಳದ ಸಬಿತ್ರಾ ಭಂಡಾರಿಯು ಹೊಡೆದ ಗೋಲು ಅದನ್ನು ತೀರಿಸಿತು. ಆಮೇಲೆ ಮಾರಿಯ ದಿನಗಳು, ಆಟವೆಲ್ಲ ನಿಂತಿತು. 2021ರ ನವೆಂಬರಿನಲ್ಲಿ ಜೋರ್ಡಾನ್ ದೇಶದ ಅಕಾಬಾ ಎಂಬ ಕೆಂಪು ಸಮುದ್ರದ ರೇವುಪಟ್ಟಣದಲ್ಲಿ ಏಷ್ಯದ ಕ್ಲಬ್ ಪಂದ್ಯಾವಳಿಯು ನಡೆದಾಗ ಗೋಕುಲಂ ಅಲ್ಲಿಗೆ ಹೋಯಿತು. ಜೋರ್ಡಾನಿನ ಅಮ್ಮಾನ್ ಕ್ಲಬ್ಬಿನ ಎದುರು ಸೋತಿತು. ಇರಾನಿನ ಸಿರ್ಜಾನ್ ತಂಡದ ಎದುರು ಒಂದೇ ಗೋಲಿನಿಂದ ಸೋತಿತು. ಮೂರನೆಯ ಪಂದ್ಯದಲ್ಲಿ ಉಜ್ಬೆಕಿಸ್ತಾನದ ಬುನ್ಯೋದ್‌ಕೋರ್ ತಂಡವನ್ನು ಒಂದಕ್ಕೆ ಮೂರರಿಂದ ಗೆದ್ದಿತು. ಆ ಪಂದ್ಯದಲ್ಲಿ ಗೋಲು ಹೊಡೆದವರಲ್ಲಿ ಪಂಜಾಬಿನ ಹೋಶಿಯಾರ್‌ಪುರದ ಕಡೆಯ ಹಳ್ಳಿಯೊಂದರ ಮನೀಷಾ ಕಲ್ಯಾಣ್ ಒಬ್ಬಳು.

2022ರ ಮೇ 26ರಂದು ಭುವನೇಶ್ವರದಲ್ಲಿ ಗೋಕುಲಂ ಮತ್ತೊಮ್ಮೆ ಲೀಗನ್ನು ಗೆದ್ದಿತು. ಮತ್ತೊಮ್ಮೆ ಏಷ್ಯದ ಪಂದ್ಯಾವಳಿಗೆ ಕರೆಯು ಬಂದಿತು. ಈ ಸಲ ಉಜ್ಬೆಕಿಸ್ತಾನಕ್ಕೆ. ಆಗಸ್ಟ್ 23ಕ್ಕೆ ಮೊದಲ ಪಂದ್ಯ. ಹುಡುಗಿಯರು ಒಂದು ವಾರ ಮುಂಚೆಯೇ ಹೊರಟು 16ರ ಬೆಳಗ್ಗೆ ತಾಷ್ಕೆಂಟಿನಲ್ಲಿ ಇಳಿದರು. ಇಳಿದವರಿಗೆ ಮೊದಲು ತಿಳಿದ ಸುದ್ದಿಯೇನೆಂದರೆ, ವಿಶ್ವದ ಕಾಲ್ಚೆಂಡಾಟವನ್ನು ಆಳುವ ಫಿಫಾ ಸಂಸ್ಥೆಯು ಭಾರತದ ಫುಟ್‌ಬಾಲ್ ಮಹಾಮಂಡಲವನ್ನು ಅಮಾನತಿನಲ್ಲಿರಿಸಿದೆ ಎಂಬುದು. ಮಹಾಮಂಡಲದ ಚುನಾವಣೆಯು ಕಾಲಕ್ಕೆ ಸರಿಯಾಗಿ ಆಗಿರಲಿಲ್ಲ. ಸುಪ್ರೀಂ ಕೋರ್ಟು ಆಡಳಿತಕ್ಕೆ ಒಂದು ಸಮಿತಿಯನ್ನು ನೇಮಿಸಿತ್ತು. ಹೊರಗಿನವರ ಕೈ ಒಳಗೆ ಬಂದಿತೆಂದು ಫಿಫಾ ಹೇಳಿತು. ಮಹಾಮಂಡಲಕ್ಕೆ ಅಮಾನತಾದರೆ ಅದರ ಕೆಳಗಣ ಯಾವ ಕ್ಲಬ್ಬೂ ಹೊರದೇಶದಲ್ಲಿ ಆಡುವಂತಿಲ್ಲ. ಬುಡಕ್ಕೆ ಕೊಡಲಿ ಬಿದ್ದರೆ ಕೊಂಬೆಯ ಹಕ್ಕಿಯನ್ನು ಕೇಳುವವರಾರು?

ಹುಡುಗಿಯರು ಹೋಟಲಿನಲ್ಲಿ ಕಾದರು. ಕ್ಲಬ್ಬಿನವರು ಪ್ರಧಾನಮಂತ್ರಿಗಳಿಗೆ ಮೊರೆಯಿಟ್ಟರು, ಮಂತ್ರಾಲಯವೂ ಬರೆಯಿತು. ಅಪ್ಪಣೆಯು ಬರಲಿಲ್ಲ. ಆಡದೆಯೇ ವಿಮಾನ ಹತ್ತಿ ಹಿಂದಿರುಗಿದರು. ಅಮಾನತು ತೆರವಾದುದು ಆಗಸ್ಟ್ 26ರಂದು. ಒಟ್ಟು ಹತ್ತು ಹನ್ನೊಂದು ದಿನಗಳ ಶಿಕ್ಷೆ. ಅದೇ ವರ್ಷದ ಅಕ್ಟೋಬರಿನಲ್ಲಿ ನಮ್ಮ ದೇಶದಲ್ಲಿ ನಡೆಯಬೇಕಾಗಿದ್ದ ಹದಿನೇಳರೊಳಗಣ ಬಾಲಿಕೆಯರ ವಿಶ್ವಕಪ್ಪು ಅದರಿಂದ ಉಳಿದುಕೊಂಡಿತು; ದೊಡ್ಡ ದೊಡ್ಡವರೆಲ್ಲ ಸಮಾಧಾನಗೊಂಡರು. ಮಧ್ಯೆ ಸಿಕ್ಕಿ ನಷ್ಟಪಟ್ಟವರು ತಾಷ್ಕೆಂಟಿನ ಹೋಟಲಿನಲ್ಲಿದ್ದ ಆ ಹುಡುಗಿಯರು. ಇನ್ನೊಂದು ಸಂಗತಿಯುಂಟು. ಅದೇ ವಾರದಲ್ಲಿ, ಆಗಸ್ಟ್ 18ರಂದು, ಆ ಹೊತ್ತಿಗೆ ಗೋಕುಲಂ ಬಿಟ್ಟು ಸೈಪ್ರಸ್ ದ್ವೀಪದ ಅಪೋಲೊನ್ ಕ್ಲಬ್ಬಿಗೆ ಸೇರಿದ್ದ ಮನೀಷಾ ಕಲ್ಯಾಣ್ ಯೂರೋಪಿನ ಹೆಂಗಸರ ಚಾಂಪಿಯನ್ಸ್ ಲೀಗಿನಲ್ಲಿ ಕಣಕ್ಕಿಳಿದಳು. ಆ ಪಂದ್ಯಾವಳಿಯಲ್ಲಿ ಆಡಿದ ಮೊದಲ ಭಾರತೀಯಳು ಅವಳು. ಒಂದೇ ಕೂಟದಲ್ಲಿ ಆಡಿದವರಲ್ಲಿ ಒಬ್ಬಳಿಗೆ ಬಾಗಿಲು ತೆರೆದಿತು, ಉಳಿದವರಿಗೆ ಮುಚ್ಚಿತು.

“ಆಟ ಬಿಟ್ಟರೆ ಅವರಿಗೆ ಬೇರೆ ತಪ್ಪೇನಿತ್ತು?” ಎಂದು ಹುಡುಗಿಯು ಕೇಳಿದಳು. ನಾನು ಕಿಟಕಿಯ ಕಡೆಗೆ ನೋಡಿದೆನು.

ಹೆಂಗಸರ ಆಟದ ಬಾಗಿಲನ್ನು ಕಛೇರಿಯಲ್ಲಿ ಕುಳಿತು ಮುಚ್ಚುವುದು ಹೊಸತಲ್ಲ. ಇಂಗ್ಲೆಂಡಿನ ಪ್ರೆಸ್ಟನ್ ಎಂಬ ಊರಿನಲ್ಲಿ ಡಿಕ್ ಕರ್ ಎಂಬ ಕಾರ್ಖಾನೆಯಿತ್ತು. ಮೊದಲ ಮಹಾಯುದ್ಧದಲ್ಲಿ ಗಂಡಸರು ರಣಕ್ಕೆ ಹೋದಾಗ ಮದ್ದುಗುಂಡು ತಯಾರಿಸಲು ಅಲ್ಲಿ ಸೇರಿದ ಹೆಂಗಸರು ಬಿಡುವಿನಲ್ಲಿ ಚೆಂಡಾಡುತ್ತ ಒಂದು ತಂಡವನ್ನೇ ಕಟ್ಟಿದರು. 1920ರಲ್ಲಿ ಫ್ರಾನ್ಸಿನಿಂದ ಹೆಂಗಸರ ತಂಡವೊಂದು ಬಂದು ಇವರೊಡನೆ ಆಡಿತು. ಇವರೂ ಫ್ರಾನ್ಸಿಗೆ ಹೋಗಿಬಂದರು. ಆ ವರ್ಷದ ಡಿಸೆಂಬರ್ 26ರಂದು ಲಿವರ್‌ಪೂಲಿನಲ್ಲಿ ಇವರ ಪಂದ್ಯವನ್ನು ನೋಡಲು ಸೇರಿದವರು ಐವತ್ತುಮೂರು ಸಾವಿರ ಮಂದಿ. ಮರು ವರ್ಷ, 1921ರ ಡಿಸೆಂಬರಿನಲ್ಲಿ, ಅಲ್ಲಿಯ ಫುಟ್‌ಬಾಲ್ ಸಂಘವು ಈ ಆಟವು ಹೆಂಗಸರಿಗೆ ತಕ್ಕುದಲ್ಲವೆಂದು ಗೊತ್ತುಮಾಡಿ ತನ್ನ ಕ್ಲಬ್ಬುಗಳ ಬಯಲುಗಳಲ್ಲಿ ಅವರನ್ನು ಆಡಗೊಡಬಾರದೆಂದು ನಿಷೇಧಿಸಿತು. ಸುಮಾರು ಐವತ್ತು ವರ್ಷ ಆ ನಿಷೇಧವು ನಿಂತಿತು. ಅವ್ವನು ಗುತ್ತಲಿನ ಜಗಲಿಯ ಮೇಲೆ ಹೇಳಿದ ಮಾತನ್ನೇ ಲಂಡನಿನ ಮಹನೀಯರು ಮೇಜಿನ ಮುಂದೆ ಕುಳಿತು ಬರೆದಿದ್ದರು. ಅವರಿಗೆ ಅವ್ವನಷ್ಟು ಅಕ್ಕರೆಯಿತ್ತೆಂದು ಮಾತ್ರ ಕಾಣುವುದಿಲ್ಲ.

ಕಲ್ಪೆಟ್ಟ, ವೈತಿರಿ ಕಳೆದು ಲಕ್ಕಿಡಿಯೆಂಬಲ್ಲಿ ಘಟ್ಟದ ತಲೆಯು ಬರುತ್ತದೆ. ಅಲ್ಲಿ ದಾರಿಯ ಪಕ್ಕದ ಮರವೊಂದಕ್ಕೆ ಕಬ್ಬಿಣದ ಸರಪಳಿಯನ್ನು ಬಿಗಿದಿದ್ದಾರೆ. ಕರಿಂತಂಡನೆಂಬ ಕಾಡಿನ ಮನುಷ್ಯನು ಇಂಗ್ಲಿಷ್ ಇಂಜಿನಿಯರನೊಬ್ಬನಿಗೆ ಘಟ್ಟವನ್ನು ಇಳಿಯುವ ದಾರಿಯನ್ನು ತೋರಿಸಿಕೊಟ್ಟನಂತೆ. ದಾರಿ ಕಂಡುಹಿಡಿದ ಕೀರ್ತಿಯು ತನಗೇ ಇರಲೆಂದು ಆ ಇಂಜಿನಿಯರನು ಅವನನ್ನು ಕೊಲ್ಲಿಸಿದನಂತೆ. ಸತ್ತವನ ಆತ್ಮವು ದಾರಿಹೋಕರನ್ನು ಕಾಡಲಾಗಿ ಅದನ್ನು ಮರಕ್ಕೆ ಸರಪಳಿಯಿಂದ ಕಟ್ಟಿದರಂತೆ. ಕಥೆಯು ಎಷ್ಟು ನಿಜವೋ, ಸರಪಳಿಯಂತೂ ಕಣ್ಣಿಗೆ ಕಾಣುತ್ತದೆ. ಅಲ್ಲಿಂದ ಮುಂದೆ ತಾಮರಶೇರಿಯ ಘಟ್ಟ. ಒಂಬತ್ತು ಕಡಿದಾದ ತಿರುವುಗಳು, ಒಂದೊಂದಕ್ಕೂ ಒಂದೊಂದು ಅಂಕೆಯ ಹಲಗೆ. ಹಲಗೆಗಳನ್ನು ಎಣಿಸುವ ಹುಮ್ಮಸ್ಸಿನಲ್ಲಿದ್ದ ನಾನು ಐದನೆಯದರ ಹೊತ್ತಿಗೆ ಕಣ್ಣುಮುಚ್ಚಿ ಕುಳಿತೆನು. ಇಳಿದಂತೆಲ್ಲ ಚಳಿಯು ಹೋಗಿ ಸೆಕೆಯು ಬಂದಿತು. ತೆಂಗು ಅಡಕೆಗಳ ನಡುವೆ ಮನೆಗಳು ಒಂದಕ್ಕೊಂದು ಅಂಟಿಕೊಂಡಂತೆ ಸಾಗಿದುವು. ಸಂಜೆಗೆ ಕಲ್ಲಿಕೋಟೆಯನ್ನು ಮುಟ್ಟಿದೆವು.

ಸಾಮೂದಿರಿಯ ಈ ಪಟ್ಟಣವನ್ನು ಕುರಿತು, 1498ರಲ್ಲಿ ಇದರ ಸಮೀಪದಲ್ಲಿ ಬಂದಿಳಿದ ವಾಸ್ಕೊ ಡ ಗಾಮನನ್ನು ಕುರಿತು ನಮ್ಮ ವಾಚಕರು ಶಾಲೆಯಲ್ಲಿಯೇ ಓದಿರುವರು. ಮಿಠಾಯಿ ಬೀದಿಯ ಹಲ್ವವನ್ನು ಕುರಿತು ಬರೆಯಲು ಹೊರಟರೆ ಈ ಲೇಖನವು ಬೇರೆಯೇ ಆದೀತು. ನನಗೆ ಹೊಸದಾಗಿ ಕಂಡುದು ಈ ಊರಿಗಿರುವ ಚೆಂಡಿನ ಹುಚ್ಚು. ಚಹಾದ ಅಂಗಡಿಯಲ್ಲಿ, ಮೀನಿನ ಪೇಟೆಯಲ್ಲಿ, ಗೋಡೆಗಳ ಮೇಲೆ, ಎಲ್ಲಿ ನೋಡಿದರೂ ಅದೇ. ಸೇಟ್ ನಾಗ್‌ಜಿ ಹೆಸರಿನ ಪಂದ್ಯಾವಳಿಯು 1952ರಲ್ಲಿ ಇಲ್ಲಿ ಮೊದಲಾಯಿತು. ಅದಕ್ಕೂ ಮೊದಲಿನಿಂದ ಈ ಕರಾವಳಿಯ ಹುಡುಗರು ಮರಳಿನಲ್ಲಿ ಬರಿಗಾಲಿನಿಂದ ಆಡುತ್ತ ಬಂದವರು.

ಮರುದಿನ ತಂಗಿಯು ನಮ್ಮಿಬ್ಬರನ್ನೂ ಕ್ರೀಡಾಂಗಣಕ್ಕೆ ಕರೆದೊಯ್ದಳು. ಪಟ್ಟಣದ ನಟ್ಟನಡುವೆ, ಕೆಳಗೆಲ್ಲ ಅಂಗಡಿಗಳನ್ನು ಕಟ್ಟಿಕೊಂಡು ನಿಂತಿರುವ ದೊಡ್ಡ ಕಟ್ಟಡ. ಹೊರಗಿನಿಂದ ನೋಡಿದವನಿಗೆ ಒಳಗೊಂದು ಬಯಲಿದೆಯೆಂದು ತೋರದು. ನಾವು ಹೋದ ದಿನ ಪಂದ್ಯವಿರಲಿಲ್ಲ, ಬಾಗಿಲು ಮುಚ್ಚಿತ್ತು. ಹುಡುಗಿಯು ಕಬ್ಬಿಣದ ಸರಳುಗಳಿಗೆ ಹಣೆಯೊತ್ತಿ ಒಳಗಿನ ಹಸುರಿನ ಒಂದು ಗೇಣನ್ನು ಕಾಣಲು ಬಹಳ ಹೊತ್ತು ನಿಂತಳು. ಇಷ್ಟು ದೂರ ಬಂದು ಮುಚ್ಚಿದ ಬಾಗಿಲನ್ನು ನೋಡುವಂತಾಯಿತಲ್ಲಾ ಎಂದು ನನಗೆ ಮರುಕವಾಯಿತು. ಅವಳಿಗೆ ಹಾಗೇನೂ ತೋರಲಿಲ್ಲ. “ಅತ್ತೆ, ಹುಲ್ಲು ನೋಡಿ, ಎಷ್ಟು ಸಮ ಇದೆ!” ಎಂದಳು. ಕೂಳೆಯ ಮೇಲೆ ಆಡಿದವಳ ಕಣ್ಣು!

ತಂಗಿಯು ಆಗ ಹೇಳಿದಳು: “ಇಲ್ಲಿ ಎಂಬತ್ತನೆಯ ಇಸವಿಯಲ್ಲಿಯೇ ಹೆಂಗಸರ ಏಷ್ಯದ ಪಂದ್ಯಾವಳಿ ಆಗಿತ್ತು, ಗೊತ್ತೇನೆ? ನಮ್ಮ ಮನೆಯ ಪಕ್ಕದ ಅಮ್ಮ ನೋಡಿದ್ದರಂತೆ, ಈಗಲೂ ಹೇಳುತ್ತಾರೆ.” ಅದೂ ನಿಜ. 1980ರ ಜನವರಿಯಲ್ಲಿ ಕಲ್ಲಿಕೋಟೆಯಲ್ಲಿ ಏಷ್ಯದ ಹೆಂಗಸರ ಪಂದ್ಯಾವಳಿಯು ನಡೆಯಿತು. ಅದು ಕ್ಲಬ್ಬುಗಳದಲ್ಲ, ದೇಶಗಳದು. ಆದರೂ ಆ ಕಾಲದ ಏರ್ಪಾಟು ವಿಚಿತ್ರವಾಗಿತ್ತು. ಭಾರತದಿಂದಲೇ ಎರಡು ತಂಡಗಳು. ಆಸ್ಟ್ರೇಲಿಯದ ಪರವಾಗಿ ಅದರ ಪಶ್ಚಿಮ ಪ್ರಾಂತದ ತಂಡ. ತೈವಾನ್, ಹಾಂಗ್‌ಕಾಂಗ್, ಫಿಲಿಪೈನ್ಸ್ ಸೇರಿ ಒಟ್ಟು ಆರು. ಕೊನೆಯ ಪಂದ್ಯದಲ್ಲಿ ಭಾರತವು ತೈವಾನಿಗೆ ಎರಡು ಗೋಲುಗಳಿಂದ ಸೋತು ಎರಡನೆಯ ಸ್ಥಾನವನ್ನು ಪಡೆಯಿತು. ಆಗ ಹೆಂಗಸರ ಆಟವನ್ನು ನಡೆಸುತ್ತಿದ್ದುದು ಗಂಡಸರ ಮಹಾಮಂಡಲವಲ್ಲ; 1975ರಲ್ಲಿ ತಾವೇ ಕಟ್ಟಿಕೊಂಡ ಬೇರೊಂದು ಸಂಘ. ಕೈಯಲ್ಲಿ ಹಣವಿಲ್ಲ, ಬೆನ್ನಿಗೆ ಸರ್ಕಾರವಿಲ್ಲ. ಆ ತಲೆಮಾರಿನಲ್ಲಿ ಭಾರತದ ಗೋಲನ್ನು ಕಾದವರಲ್ಲಿ ನಮ್ಮ ಕರ್ನಾಟಕದ ಚಿತ್ರಾ ಗಂಗಾಧರನ್ ಒಬ್ಬರು. ಹಾಗೆ ನೋಡಿದರೆ ಕನ್ನಡನಾಡು ಈ ಆಟಕ್ಕೆ ಹೊರಗಿನದಲ್ಲ. 2023ರಲ್ಲಿ ಅಹಮದಾಬಾದಿನಲ್ಲಿ ಲೀಗಿನ ಕೊನೆಯ ಪಂದ್ಯಕ್ಕೆ ಬೆಂಗಳೂರಿನ ಕಿಕ್‌ಸ್ಟಾರ್ಟ್ ಕ್ಲಬ್ಬು ಬಂದು, ಇದೇ ಗೋಕುಲಂ ಎದುರು ಐದು ಗೋಲುಗಳಿಂದ ಸೋತಿತು. ಅಂದು ಗೆದ್ದಿದ್ದರೆ ಏಷ್ಯದ ಪಂದ್ಯಾವಳಿಗೆ ಬೆಂಗಳೂರಿನ ಹುಡುಗಿಯರು ಹೋಗುತ್ತಿದ್ದರು.

ಸಂಜೆ ಸಮುದ್ರದ ದಂಡೆಗೆ ಹೋದೆವು. ಹಳೆಯ ಕಡಲಸೇತುವೆಯ ಕಂಬಗಳು ನೀರಿನಲ್ಲಿ ಬಿದ್ದುಹೋದ ಹಲ್ಲುಗಳಂತೆ ನಿಂತಿದ್ದುವು. ಮರಳಿನಲ್ಲಿ ಹತ್ತು ಹನ್ನೆರಡು ಮಕ್ಕಳು ಎರಡೆರಡು ಚಪ್ಪಲಿಗಳನ್ನು ಗೋಲಿನ ಗುರುತಾಗಿಟ್ಟು ಆಡುತ್ತಿದ್ದರು. ಅವರಲ್ಲಿ ಮೂವರು ಹೆಣ್ಣುಮಕ್ಕಳು. ನಮ್ಮವಳು ಕೊಂಚ ಹೊತ್ತು ದೂರ ನಿಂತು ನೋಡಿದಳು. ಚೆಂಡು ಒಮ್ಮೆ ಇವಳತ್ತ ಉರುಳಿಬಂದಿತು. ಕೈಯಿಂದ ಎತ್ತಿಕೊಡುವಳೆಂದು ಅವರು ಕಾದಿದ್ದರು; ಇವಳು ಚಪ್ಪಲಿಯನ್ನು ಕಳಚಿ, ಕಾಲಿನಿಂದಲೇ ಅದನ್ನು ಮೇಲಕ್ಕೆತ್ತಿ, ಮೊಣಕಾಲಿನ ಮೇಲೊಮ್ಮೆ ನಿಲ್ಲಿಸಿ, ಬೇಕಾದವನ ಕಾಲಿಗೆ ಸರಿಯಾಗಿ ಮುಟ್ಟಿಸಿದಳು. ಭಾಷೆ ಬಾರದಿದ್ದರೂ ಕರೆ ಬಂದಿತು. ಹೋದಳು.

ಗುತ್ತಲಿನಲ್ಲಿ ನಾನು ಅವಳ ಆಟವನ್ನು ನೋಡಿಯೇ ಇರಲಿಲ್ಲ. ನೋಡಿದ್ದರೂ, ಸಂಜೆಯಾಯಿತು, ಮನೆಗೆ ನಡೆ ಎಂದು ಕೂಗುವುದಕ್ಕೆ ಮಾತ್ರ ನೋಡಿದ್ದೆನು. ಆಟದ ಮರ್ಮವು ನನಗೆ ತಿಳಿಯದು. ತಿಳಿದುದಿಷ್ಟೆ: ಚೆಂಡು ಬರುವ ಮೊದಲೇ ಅವಳು ತಲೆಯೆತ್ತಿ ನಾಲ್ಕೂ ಕಡೆ ನೋಡುತ್ತಿದ್ದಳು, ಬಂದ ಮೇಲೆ ಅವಸರವಿರಲಿಲ್ಲ. ಮನೆಯಲ್ಲಿ ಒಂದು ಮಾತಿಗೆ ಮೂರು ಸಲ ತಡವರಿಸುವ ಹುಡುಗಿಯು ಅಲ್ಲಿ ಗುರುತಿಲ್ಲದ ಹುಡುಗರಿಗೆ ಬೆರಳು ತೋರಿಸಿ, ಅಲ್ಲಿ ನಿಲ್ಲು, ಇಲ್ಲಿ ಓಡು ಎಂದು ನಡೆಸುತ್ತಿದ್ದಳು.

ತಂಗಿಯೂ ನೋಡುತ್ತಿದ್ದಳು. ಆಮೇಲೆ ಸಮುದ್ರದ ಕಡೆಗೆ ಮುಖವಿಟ್ಟುಕೊಂಡೇ, “ಅಣ್ಣ, ಮೈಸೂರಿನ ಓಟ ನೆನಪಿದೆಯೆ?” ಎಂದಳು.

ನನ್ನ ಹಿಂಜರಿಕೆಯ ಕಾರಣವನ್ನು ಇಲ್ಲಿ ಹೇಳಬೇಕಾಗಿದೆ. ತಂಗಿಯು ಹದಿನಾಲ್ಕು ವರ್ಷದವಳಾಗಿದ್ದಾಗ ಓಟದಲ್ಲಿ ತಾಲ್ಲೂಕಿಗೂ ಜಿಲ್ಲೆಗೂ ಮೊದಲಾಗಿ ಬಂದಿದ್ದಳು. ಎಂಟುನೂರು ಮೀಟರು. ಮುಂದಿನ ಓಟವು ಮೈಸೂರಿನಲ್ಲಿ. ಎರಡು ರಾತ್ರಿ ಅಲ್ಲಿ ತಂಗಬೇಕು. ಅಪ್ಪ ತೀರಿಹೋಗಿ ವರ್ಷವಾಗಿರಲಿಲ್ಲ. ಮನೆಯ ಮಾತು ನನ್ನದು. ಇಪ್ಪತ್ತು ವರ್ಷದ ಹುಡುಗನಿಗೆ ಹಿರಿತನ ಸಿಕ್ಕಿದರೆ ಅದನ್ನು ತೋರಿಸದೆ ಇರುವನೆ? ಬೇಡವೆಂದೆನು. ಕಾರಣವನ್ನೂ ಹೇಳಲಿಲ್ಲ. ಅವಳು ಹಟಮಾಡಲಿಲ್ಲ, ಅಳಲಿಲ್ಲ. ಹೊಲಿಸಿಟ್ಟಿದ್ದ ಬಿಳಿಯ ಅಂಗಿಯನ್ನು ಮಡಿಸಿ ಪೆಟ್ಟಿಗೆಯ ತಳಕ್ಕೆ ಹಾಕಿದಳು. ಆ ವಿಷಯವನ್ನು ಅಂದಿನಿಂದ ನಮ್ಮಿಬ್ಬರಲ್ಲಿ ಯಾರೂ ಎತ್ತಿರಲಿಲ್ಲ.

“ನೆನಪಿದೆ” ಎಂದೆನು.

“ನನಗೆ ಸಿಟ್ಟಿಲ್ಲ ಅಣ್ಣ. ಅಲ್ಲಿಗೆ ಹೋಗಿ ಸೋತು ಬಂದಿದ್ದರೆ ಇಷ್ಟು ಹೊತ್ತಿಗೆ ಮರೆತುಹೋಗಿರುತ್ತಿತ್ತು. ಓಡದೆ ಉಳಿದದ್ದೇ ಮರೆಯುವುದಿಲ್ಲ ನೋಡು. ಈಗಲೂ ಒಮ್ಮೊಮ್ಮೆ ರಾತ್ರಿ ಎಚ್ಚರವಾದರೆ, ಎರಡನೆಯ ಸುತ್ತಿನಲ್ಲಿ ಯಾರನ್ನು ಎಲ್ಲಿ ದಾಟುತ್ತಿದ್ದೆ ಎಂದು ಲೆಕ್ಕ ಹಾಕುತ್ತೇನೆ.” ಹೀಗೆಂದು ನಕ್ಕಳು. ನಲವತ್ತು ವರ್ಷಗಳ ಹಿಂದಣ ಓಟ! ತಾಷ್ಕೆಂಟಿನ ಹೋಟಲಿನ ಕೊಠಡಿಗಳಲ್ಲಿ ಬೂಟುಗಳನ್ನು ಚೀಲಕ್ಕೆ ತುಂಬಿದ ಹುಡುಗಿಯರ ಮುಖಗಳು ನನಗೆ ಆಗ ಕಂಡುವು; ನಾನು ಎಂದೂ ಕಾಣದ ಮುಖಗಳು.

ಕತ್ತಲಾಗುವವರೆಗೆ ನಾನು ಹುಡುಗಿಯನ್ನು ಕೂಗಲಿಲ್ಲ. ಮರಳು ಮೆತ್ತಿದ ಕಾಲುಗಳಿಂದ ತಾನಾಗಿಯೇ ಬಂದಳು. ನಮ್ಮ ಕಡೆ ನಾಲ್ಕು, ಅವರ ಕಡೆ ಆರು ಎಂದು ವರದಿಯೊಪ್ಪಿಸಿದಳು. ಸೋತೆಯಲ್ಲ ಎಂದರೆ, “ನಾಳೆ ಮತ್ತೆ ಬಾ ಅಂದಿದಾರೆ” ಎಂದಳು. ಮರುದಿನವೂ ಹೋದೆವು, ಅದರ ಮರುದಿನವೂ.

ಗುತ್ತಲಿಗೆ ಮರಳಿದಾಗ ಅವ್ವನು ಜಗಲಿಯ ಮೇಲೆಯೇ ಇದ್ದಳು. ಹಲ್ವದ ಪೊಟ್ಟಣವನ್ನು ಬಿಚ್ಚಿ ಒಂದು ತುಂಡನ್ನು ಬಾಯಿಗೆ ಹಾಕಿಕೊಂಡು, ಹಲ್ಲಿಗೆ ಅಂಟುವುದೆಂದು ದೂರಿ, ಮತ್ತೊಂದನ್ನು ತೆಗೆದುಕೊಂಡಳು. ನಾನು ತಮ್ಮನನ್ನು ಕರೆದು ಕಾಗದಕ್ಕೆ ರುಜು ಹಾಕೆಂದೆನು. ಅವ್ವನು ಅಗಿಯುವುದನ್ನು ನಿಲ್ಲಿಸಿ ನನ್ನ ಮುಖವನ್ನು ನೋಡಿದಳು. “ತಂಗ್ಯವ್ವ ಏನಾರ ಅಂದ್ಲಾ?” ಎಂದು ಕೇಳಿದಳು. ಅಂದಳೆಂದೆನು. ಏನೆಂದಳೆಂದು ಅವ್ವನು ಕೇಳಲಿಲ್ಲ. ಬಹಳ ಹೊತ್ತಿನ ಮೇಲೆ, “ಬೆಂಗ್ಳೂರಲ್ಲಿ ಮೊಸ್ರು ಹುಳಿ ಇರ್ತದಂತೆ, ಮಗೀಗೆ ಒಗ್ಗಲ್ಲ” ಎಂದು ಮಾತ್ರ ಹೇಳಿದಳು.

ಜನವರಿಯ ಮೊದಲ ವಾರದಲ್ಲಿ ತಮ್ಮನು ಹುಡುಗಿಯನ್ನು ಬೆಂಗಳೂರಿಗೆ ಬಿಟ್ಟುಬಂದನು. ಪ್ರತಿ ಭಾನುವಾರ ಸಂಜೆ ಅವಳು ಮನೆಗೆ ಫೋನು ಮಾಡುವಳು. ಮೊದಲ ವಾರ ಅತ್ತಳು. ಎರಡನೆಯ ವಾರ ಹೊಸ ಬೂಟು ಕಚ್ಚಿದ ಗಾಯವನ್ನು ಹೇಳಿದಳು. ಮೂರನೆಯ ವಾರ ಆಟವಿದೆಯೆಂದು ಎರಡೇ ಮಾತಿಗೆ ಫೋನು ಇಟ್ಟಳು. ಮನೆಯ ಹಿಂದಣ ಗದ್ದೆಗೆ ಈಗ ಕಾಲುವೆಯ ನೀರು ಬಿಟ್ಟಿದ್ದಾರೆ. ಕೂಳೆಯೆಲ್ಲ ಮುಳುಗಿ ಬೆಳ್ಳಕ್ಕಿಗಳು ಬಂದಿವೆ. ಅವಳೊಡನೆ ಆಡುತ್ತಿದ್ದ ಹುಡುಗರು ಗುಡಿಯ ಕಡೆಗೆ ಬೇರೊಂದು ಬಯಲನ್ನು ಹುಡುಕಿಕೊಂಡಿದ್ದಾರೆ. ಚೆಂಡನ್ನು ಅವಳು ಅವರಿಗೇ ಬಿಟ್ಟುಹೋಗಿದ್ದಾಳೆ.